ಟೈಲರಕ್ಕನ ಹೆಸರಲ್ಲಿ ಬಂದ ಮೆಸೇಜು

ಟೈಲರಕ್ಕನ ಅಂಗಡಿಯಲ್ಲಿ ಅಂಕಿಗಳನ್ನು ಬಾಯೊಳಗೆ ಇಟ್ಟುಕೊಳ್ಳುವ ಅಭ್ಯಾಸವೇ ಇರಲಿಲ್ಲ. ಅವಳು ಟೇಪು ಹಿಡಿದು ಗಿರಾಕಿಯ ಹೆಗಲ ಮೇಲೆ ಬೆರಳಿಟ್ಟಳೆಂದರೆ ಅಳತೆ ಬೀದಿಯವರೆಗೆ ಕೇಳಬೇಕು. ಮೂಲೆಯ ಸ್ಟೂಲಿನ ಮೇಲೆ ಕೂತ ಗುಂಡಿಯಮ್ಮ ಅದನ್ನು ಅಳತೆ ಪುಸ್ತಕದಲ್ಲಿ ಬರೆದುಕೊಂಡು ಅಷ್ಟೇ ಜೋರಾಗಿ ತಿರುಗಿ ಹೇಳಬೇಕು. "ಎದೆ ಮೂವತ್ತೆಂಟು." "ಮೂವತ್ತೆಂಟು." "ಸೊಂಟ ನಲವತ್ತೊಂದೂವರೆ." "ನಲವತ್ತೊಂದೂವರೆ." ಹೊಟ್ಟೆ ಬೆಳೆಸಿಕೊಂಡ ಗಿರಾಕಿಗಳಿಗೆ ಇದು ಕೊಂಚ ಮುಜುಗರದ ವಿಷಯವೇ. ಆದರೆ ಇಪ್ಪತ್ತಾರು ವರ್ಷಗಳಲ್ಲಿ ಆ ಅಂಗಡಿಯಿಂದ ತಪ್ಪು ಅಳತೆಯ ಬಟ್ಟೆ ಹೊರಗೆ ಹೋದದ್ದಿಲ್ಲ. ಹೇಳಿದ್ದನ್ನು ಒಬ್ಬರು ತಿರುಗಿ ಹೇಳಿದರೆ ಅದು ಸರಿ ಎಂಬುದು ಅಲ್ಲಿಯ ಕಾನೂನು.

ಗುಂಡಿಯಮ್ಮನಿಗೆ ಅರವತ್ತು ದಾಟಿತ್ತು. ಗುಂಡಿ ಹಚ್ಚುವುದು, ಕಾಜ ಹಾಕುವುದು, ನಡುನಡುವೆ ಟೈಲರಕ್ಕನನ್ನು ಗದರುವುದು ಅವಳ ಕೆಲಸ. ಮೊದಲಿನ ಎರಡಕ್ಕೆ ಸಂಬಳವಿತ್ತು. ಮೂರನೆಯದನ್ನು ಅವಳು ಪ್ರೀತಿಗೆ ಮಾಡುತ್ತಿದ್ದಳು.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂದಾಗ ಟೈಲರಕ್ಕನ ತುಟಿಗಳ ನಡುವೆ ನಾಲ್ಕು ಗುಂಡುಸೂಜಿಗಳಿದ್ದವು, ಎರಡೂ ಕೈ ಮೇಜಿನ ಮೇಲೆ ಹರಡಿದ ಹೆಡ್‌ಮಾಸ್ಟರ ಪ್ಯಾಂಟಿನ ಮೇಲಿದ್ದವು. ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು. ಪಾರ್ಸೆಲ್ ಆಫೀಸಿನವನಂತೆ. ಲೈನಿಂಗ್ ಬಟ್ಟೆ ಬಂದಿದೆಯಂತೆ, ವಿಳಾಸ ಅಳಿಸಿಹೋಗಿದೆಯಂತೆ, ಅವಳ ಫೋನಿಗೆ ಈಗ ಆರು ಅಂಕಿ ಬರುತ್ತದಂತೆ, ಅದನ್ನು ಹೇಳಿದರೆ ಮಧ್ಯಾಹ್ನದೊಳಗೆ ಮನೆಬಾಗಿಲಿಗೆ ಪಾರ್ಸೆಲ್ ತಲುಪುತ್ತದಂತೆ. ನಾಲ್ಕು ದಿನದಿಂದ ಅವಳು ಲೈನಿಂಗ್ ಬಟ್ಟೆಗಾಗಿಯೇ ಕಾಯುತ್ತಿದ್ದಳು. ಆ ಪುಣ್ಯಾತ್ಮ ಕತ್ತಲಲ್ಲಿ ಕಲ್ಲು ಹೊಡೆದಿದ್ದ, ಅದು ನೇರ ಬಂದು ತಗಲಿತ್ತು.

ಆರು ಅಂಕಿ ಬಂದವು. ಟೈಲರಕ್ಕ ಸೂಜಿಗಳನ್ನು ಬಾಯಿಂದ ತೆಗೆದು, ಅಭ್ಯಾಸಬಲದಿಂದ, ಬೀದಿಗೆ ಕೇಳುವಂತೆ ಒಂದೊಂದಾಗಿ ಹೇಳಿದಳು. ಅವನು ಒಂದೂ ತಪ್ಪದೆ ತಿರುಗಿ ಹೇಳಿದ. ಅವಳಿಗೆ ಖುಷಿಯೇ ಆಯಿತು. ಈಗಿನ ಕಾಲದಲ್ಲಿ ಇಷ್ಟು ಶಿಸ್ತಿನಿಂದ ಕೆಲಸ ಮಾಡುವವರು ಎಲ್ಲಿದ್ದಾರೆ? ಅತ್ತ ಗುಂಡಿಯಮ್ಮನೂ ತಲೆ ಎತ್ತದೆ ಆ ಆರು ಅಂಕಿಗಳನ್ನು ಹೆಡ್‌ಮಾಸ್ಟರ ಪುಟದಲ್ಲಿ ತೊಡೆಯ ಸುತ್ತಳತೆಯ ಕೆಳಗೆ ಬರೆದುಕೊಂಡು, ತಾನೂ ಒಮ್ಮೆ ತಿರುಗಿ ಹೇಳಿದಳು.

ಅಲ್ಲಿಗೆ ಟೈಲರಕ್ಕನ ಫೋನಿನ ಮೆಸೇಜುಗಳು ಅವಳ ಕೈಬಿಟ್ಟು ಹೋದವು. ಅದು ಅವಳಿಗೆ ಗೊತ್ತಾಗಲು ಇನ್ನೂ ಒಂದು ಗಂಟೆ ಹಿಡಿಯಿತು.

ಹನ್ನೊಂದೂವರೆಗೆ ಬ್ಯಾಂಕಿನ ಮೇಡಂ ಹೊಸ ಕೋಟಿನ ಟ್ರಯಲ್ಲಿಗೆ ಬಂದರು. ಎದುರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ, ನಕ್ಕರೂ ಹುಬ್ಬು ಗಂಟಿಕ್ಕಿಯೇ ಇರುವ ಹೆಂಗಸು. ಕೋಟು ತೊಡಿಸಿ, ಬಲತೋಳನ್ನು ಸೂಜಿ ಹಾಕಿ ಹಿಡಿಸುವ ಹೊತ್ತಿಗೆ ಹೆಡ್‌ಮಾಸ್ಟರ ಫೋನ್ ಬಂತು.

"ಅಮ್ಮ, ನಿಮ್ಮ ಮೆಸೇಜು ನೋಡಿದೆ. ಪೂರ್ತಿ ನನ್ನ ಹತ್ರ ಇಲ್ಲ. ಐದು ಸಾವಿರ ಆದ್ರೆ ಈಗಲೇ ಕಳಿಸ್ತೀನಿ. ಸಾಕಾಗುತ್ತಾ?"

"ಯಾವ ಮೆಸೇಜು ಸರ್?"

ಅವರು ಓದಿ ಹೇಳಿದರು. ತುಂಬಾ ಕಷ್ಟದಲ್ಲಿದೀನಿ. ದಯವಿಟ್ಟು ಅರ್ಜೆಂಟಾಗಿ ಹದಿನೈದು ಸಾವಿರ ಕಳಿಸಿ. ಸಂಜೆ ಕೊಡ್ತೀನಿ. ಫೋನ್ ಮಾಡಬೇಡಿ, ಮಾತಾಡೋ ಸ್ಥಿತೀಲಿ ಇಲ್ಲ.

ಟೈಲರಕ್ಕ ಅಲ್ಲೇ ಇಸ್ತ್ರಿ ಮೇಜಿನ ಅಂಚು ಹಿಡಿದು ನಿಂತಳು. ಅವಳ ಸ್ವಭಾವ ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದು ಕಷ್ಟ. ಮೂರು ತಿಂಗಳು ಗಂಡ ಆಸ್ಪತ್ರೆಯಲ್ಲಿದ್ದಾಗಲೂ ಯಾರ ಮುಂದೆಯೂ ಕೈಚಾಚಿದವಳಲ್ಲ. ಪಕ್ಕದ ಅಂಗಡಿಯಿಂದ ಕತ್ತರಿ ತಂದರೂ ಕತ್ತಲಾಗುವ ಮೊದಲು ಸಾಣೆ ಹಿಡಿಸಿ ವಾಪಸ್ ಕೊಡುವವಳು. ಈಗ ಅವಳ ಹೆಸರು ಹೇಳಿಕೊಂಡು ಯಾರೋ ಊರೆಲ್ಲ ಬೇಡುತ್ತಿದ್ದಾರೆ ಎಂದರೆ, ಬೀದಿಯಲ್ಲಿ ಸೆರಗು ಹಿಡಿದು ಎಳೆದಂತಾಯಿತು ಅವಳಿಗೆ.

ಬ್ಯಾಂಕಿನ ಮೇಡಂ ಮಾತ್ರ ಗಾಬರಿಯಾಗಲಿಲ್ಲ. ಸೂಜಿ ಚುಚ್ಚೀತೆಂದು ಬಲಗೈಯನ್ನು ರೆಕ್ಕೆಯಂತೆ ಅಗಲಿಸಿಕೊಂಡೇ ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡರು. ಅಳತೆ ಪುಸ್ತಕದಲ್ಲಿದ್ದ ಆರು ಅಂಕಿ ನೋಡಿ ಒಂದು ಕ್ಷಣ ಕಣ್ಣು ಮುಚ್ಚಿದರು.

"ಬ್ಯಾಂಕಿನ ಪಿನ್ ಏನಾದ್ರೂ ಹೇಳಿದ್ರಾ? ಇಲ್ವಾ? ಅಷ್ಟು ಸಮಾಧಾನ. ಈಗ ನಿಮ್ಮ ಮೆಸೇಜುಗಳೆಲ್ಲ ಅವನ ಕೈಲಿವೆ. ವಾಪಸ್ ತಗೊಳ್ಳೋಕೆ ಬರುತ್ತೆ, ಅದನ್ನ ನಾನು ಶುರು ಮಾಡ್ತೀನಿ, ಒಂದೆರಡು ದಿನ ಹಿಡೀಬಹುದು. ನೀವು ಗೊತ್ತಿರೋರಿಗೆಲ್ಲ ಈಗಲೇ ಫೋನ್ ಮಾಡಿ, ಅದು ನಾನಲ್ಲ ಅನ್ನಿ. ಯಾರಾದ್ರೂ ದುಡ್ಡು ಕಳಿಸಿಬಿಟ್ಟಿದ್ರೆ ಅವರೇ ಅವರ ಬ್ಯಾಂಕಿಗೆ ಹೇಳಬೇಕು, ಅವರ ಪರವಾಗಿ ನೀವು ಹೇಳಿದ್ರೆ ನಡೆಯಲ್ಲ. ಬೇಗ ಹೇಳಿದಷ್ಟೂ ತಡೆಯೋಕೆ ಆಗುತ್ತೆ. ಯಾವ ಮೆಸೇಜನ್ನೂ ಅಳಿಸಬಾರದು, ಎಲ್ಲ ಸಾಕ್ಷಿ. ಆಮೇಲೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬರೆದು ಕೊಡಿ."

"ಏನಂತ ಬರೆದು ಕೊಡ್ಲಿ ಮೇಡಂ? ದಡ್ಡಿ ಹಾಗೆ ನಾನೇ ಓದಿ ಹೇಳಿದೆ ಅಂತಲಾ?"

"ಹಾಗೇ ಬರೀರಿ. ಹೋದ ತಿಂಗಳು ನಮ್ಮ ಬ್ಯಾಂಕಿನ ಮ್ಯಾನೇಜರೇ ಬರೆದು ಕೊಟ್ಟಿದಾರೆ. ಮೊದಲು ಫೋನ್ ಮಾಡಿ."

ನಂಬರುಗಳು ಫೋನಿನಲ್ಲಿ ಮಾತ್ರವಲ್ಲ, ಅಳತೆ ಪುಸ್ತಕದಲ್ಲೂ ಇದ್ದವು. ಗುಂಡಿಯಮ್ಮ ಒಂದೊಂದು ಪುಟ ತಿರುವಿ ನಂಬರು ಹೇಳುವುದು, ಟೈಲರಕ್ಕ ಅದನ್ನು ಒತ್ತುತ್ತ ತಿರುಗಿ ಹೇಳುವುದು. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿ ಕೆಲಸ ಅದಲುಬದಲಾಗಿತ್ತು. ಮೊದಲ ಐದಾರು ಫೋನಿನಲ್ಲಿ ಟೈಲರಕ್ಕ "ಸಣ್ಣದೊಂದು ತೊಂದರೆ ಆಗಿದೆ" ಎಂದು ಶುರು ಮಾಡಿ ಎಲ್ಲೆಲ್ಲೋ ಸುತ್ತುತ್ತಿದ್ದಳು. ಆಮೇಲೆ ನಾಚಿಕೆಗೂ ಸುಸ್ತಾಗಿರಬೇಕು, "ನಾನು ಮೋಸ ಹೋದೆ, ನನ್ನ ಹೆಸರಲ್ಲಿ ಯಾರೋ ದುಡ್ಡು ಕೇಳ್ತಿದಾರೆ, ಕೊಡಬೇಡಿ" ಎಂದು ಒಂದೇ ಉಸಿರಿಗೆ ಹೇಳತೊಡಗಿದಳು.

ಯಾರೂ ನಗಲಿಲ್ಲ. ಕೆಲವರು ಊಟ ಆಯಿತಾ ಎಂದು ಕೇಳಿದರು. ದಾರದ ಅಂಗಡಿಯವನು, "ನನಗೆ ಆಗಲೇ ಗೊತ್ತಾಯ್ತಕ್ಕ, ನೀವು ಹುಟ್ಟಿದಾಗಿಂದ ದಯವಿಟ್ಟು ಅಂದವರಲ್ಲ" ಎಂದ. ಅದು ಹೊಗಳಿಕೆಯೋ ಚುಚ್ಚುಮಾತೋ ಎಂದು ಯೋಚಿಸಲು ಅವಳಿಗೆ ಪುರುಸೊತ್ತಿರಲಿಲ್ಲ.

ಒಂದೂವರೆಯ ಹೊತ್ತಿಗೆ ಪುಸ್ತಕ ಮುಗಿಯಿತು. ಯಾರೂ ಹಣ ಕಳಿಸಿರಲಿಲ್ಲ. ಟೈಲರಕ್ಕ ಉಸಿರು ಬಿಟ್ಟು ನೀರು ಕುಡಿದಳು.

"ನಿನ್ನ ತಮ್ಮ ಒಬ್ಬ ಉಳಿದ" ಎಂದಳು ಗುಂಡಿಯಮ್ಮ.

"ಅವನು ಬಿಡಿ. ಅವನು ನನ್ನ ಮೆಸೇಜು ತೆಗೆದೂ ನೋಡಲ್ಲ."

"ಉಳಿದ ಅಂದೆ ಅಷ್ಟೇ" ಎಂದು ಗುಂಡಿಯಮ್ಮ ದಾರ ಕಚ್ಚಿ ತುಂಡು ಮಾಡಿದಳು.

ತಮ್ಮ ಬಸ್ ಡ್ರೈವರು. ತಾಯಿ ಹೋದಾಗ ಅವನಿಗೆ ಆರು, ಅಕ್ಕನಿಗೆ ಹದಿನಾರು. ಅವನ ಶಾಲೆಯ ಅಂಗಿಯಿಂದ ಹಿಡಿದು ಡ್ರೈವರ್ ಕೆಲಸದ ಮೊದಲ ಖಾಕಿಯವರೆಗೆ ಎಲ್ಲ ಇವಳೇ ಹೊಲಿದದ್ದು, ಲೈಸೆನ್ಸಿಗೆ ಕಟ್ಟಿದ್ದೂ ಇವಳೇ. ಏಳು ವರ್ಷದ ಹಿಂದೆ ಭಾವ ಆಸ್ಪತ್ರೆಯಲ್ಲಿದ್ದಾಗ ಅವನು ಒಂದು ಕವರು ತಂದು ಅಕ್ಕನ ಕೈಯಲ್ಲಿಟ್ಟಿದ್ದ. ಅವಳು ಬಿಚ್ಚಿಯೂ ನೋಡದೆ ವಾಪಸ್ ಕೊಟ್ಟಿದ್ದಳು. "ನನ್ನ ಸಂಸಾರ ನಾನು ನೋಡ್ಕೋತೀನಿ" ಎಂದಿದ್ದಳು. "ನಾನು ಹೊರಗಿನವನಾ ಅಕ್ಕ?" ಎಂದು ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟಿರಲಿಲ್ಲ. ಭಾವ ಹೋದ ದಿನ ಬಂದು, ಹಿಂದುಗಡೆ ನಿಂತಿದ್ದು, ಹೇಳದೆ ಹೋದವನು ಮತ್ತೆ ಅಂಗಡಿಯ ಮೆಟ್ಟಿಲು ತುಳಿದಿರಲಿಲ್ಲ. ಇವಳೂ ಕರೆಯಲಿಲ್ಲ. ಇಬ್ಬರೂ ಒಂದೇ ತಾಯಿಯ ಮಕ್ಕಳೆನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವನ ನಂಬರು ಯಾವ ಪುಸ್ತಕದಲ್ಲೂ ಇರಲಿಲ್ಲ, ಅವಳಿಗೆ ಬಾಯಿಪಾಠವಾಗಿತ್ತು. ಒತ್ತಿದಳು. ರಿಂಗಾಯಿತು, ಎತ್ತಲಿಲ್ಲ. ಬಸ್ ಓಡಿಸುವಾಗ ಅವನು ಫೋನನ್ನು ಪೆಟ್ಟಿಗೆಯಲ್ಲಿ ಹಾಕಿಡುತ್ತಾನೆಂದು ಅವಳಿಗೆ ಗೊತ್ತಿತ್ತು. ಇನ್ನೆರಡು ಸಲ ಮಾಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.

"ಎರಡೂ ಇಪ್ಪತ್ತಕ್ಕೆ ಅವನ ಬಸ್ಸು ಸ್ಟ್ಯಾಂಡಿಗೆ ಬರುತ್ತೆ. ಹೇಳಿ ಬಂದುಬಿಡ್ತೀನಿ."

ಏಳು ವರ್ಷದಿಂದ ಮಾತಿಲ್ಲದ ತಮ್ಮನ ಬಸ್ಸಿನ ಟೈಮು ಇವಳಿಗೆ ಹೇಗೆ ಗೊತ್ತು ಎಂದು ಗುಂಡಿಯಮ್ಮ ಕೇಳಲಿಲ್ಲ. ಕೆಲವನ್ನು ಕೇಳಬಾರದು ಎಂಬಷ್ಟು ಅವಳಿಗೂ ತಿಳಿಯುತ್ತಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಡೀಸೆಲ್ಲಿನ ವಾಸನೆ, ಬೆಂಚುಗಳ ಮೇಲೆ ಬ್ಯಾಗು ತಲೆಗಿಟ್ಟು ಮಲಗಿದವರು, ಮೈಕಿನಲ್ಲಿ ಯಾರಿಗೂ ಅರ್ಥವಾಗದ ಪ್ರಕಟಣೆ. ಟೈಲರಕ್ಕ ಮೂರನೇ ಪ್ಲಾಟ್‌ಫಾರ್ಮಿನ ಕಂಬದ ಪಕ್ಕ ನಿಂತಳು. ಹೇಳಬೇಕಾದದ್ದು ಎರಡೇ ವಾಕ್ಯ. ಅದು ನಾನಲ್ಲ. ದುಡ್ಡು ಕಳಿಸಬೇಡ. ಅವನು "ಸರಿ" ಎನ್ನುತ್ತಾನೆ, ಇವಳು ಬರುತ್ತಾಳೆ. ಆದರೂ ಆ ಎರಡನ್ನೇ ಮನಸ್ಸಿನಲ್ಲಿ ಮೂರ್ನಾಲ್ಕು ಸಲ ತಿರುಗಿ ಹೇಳಿಕೊಂಡಳು.

ಬಸ್ಸು ಬಂತು. ಜನ ಇಳಿದರು. ಕೊನೆಗೆ ಡ್ರೈವರ್ ಬಾಗಿಲು ತೆಗೆದು ಅವನು ಕೆಳಗೆ ಹಾರಿದ. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಅಂಗಿಯ ಹೆಗಲು ಎರಡಿಂಚು ಕೆಳಗೆ ಜಾರಿತ್ತು. ಎಲ್ಲಿಂದಲೋ ರೆಡಿಮೇಡ್ ತಂದು ಹಾಕಿಕೊಂಡಿದ್ದಾನೆ ಎಂದು ಅವಳ ಕಣ್ಣು ಮೊದಲು ಅದನ್ನೇ ಕಂಡಿತು. ಅವನು ತಿರುಗಿದ. ಅಕ್ಕನನ್ನು ನೋಡಿದ.

ಅವನ ಮುಖ ಅರಳಿತು. ಅದಕ್ಕೆ ಬೇರೆ ಮಾತಿಲ್ಲ. ಹೋದ ಹತ್ತು ವರ್ಷದಲ್ಲಿ ಯಾರನ್ನು ನೋಡಿಯೂ ಅಷ್ಟು ಅರಳಿರಲಾರದು. ಹತ್ತಿರ ಬಂದು, ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ:

"ಬಂತಾ ಅಕ್ಕ?"

ಏನು ಎಂದು ಅವಳು ಕೇಳುವಷ್ಟರಲ್ಲಿ ಅವನೇ ಮುಂದುವರಿಸಿದ.

"ಎರಡು ಸಲ ಕಳಿಸಿದೆ. ಮೊದಲು ಹದಿನೈದು, ಆಮೇಲೆ ಹತ್ತು. ಎರಡನೇದು ಈಗ ಹಿಂದಿನ ಸ್ಟಾಪಲ್ಲಿ, ನಿಂತ ಕೂಡಲೇ. ನಿನ್ನ ಮಿಸ್ಡ್ ಕಾಲೂ ಆಗಲೇ ನೋಡಿದೆ, ದುಡ್ಡಿಗೆ ಅವಸರ ಅಂದ್ಕೊಂಡೆ. ಫೋನ್ ಮಾಡಬೇಡ ಅಂದಿದ್ದೆಯಲ್ಲ, ಅದಕ್ಕೆ ಮಾಡಲಿಲ್ಲ. ಏನಾಗಿದೆ ಅಂತ ನಾನು ಕೇಳಲ್ಲ. ಹೇಳಬೇಕು ಅನಿಸಿದಾಗ ಹೇಳು."

ಅವನು ನಿಂತ ರೀತಿಯೇ ಬೇರೆಯಾಗಿತ್ತು. ಇಷ್ಟು ವರ್ಷ ಅಕ್ಕನಿಂದ ಪಡೆದದ್ದೇ ಪಡೆದದ್ದು. ಕೊಟ್ಟ ಕವರು ವಾಪಸ್ ಬಂದಿತ್ತು. ಇವತ್ತು ಅಕ್ಕ ತಾನಾಗಿ ಕೇಳಿದ್ದಾಳೆ, ತಾನು ಕೊಟ್ಟಿದ್ದೇನೆ, ಅಕ್ಕ ಅದಕ್ಕಾಗಿ ಇಲ್ಲಿಯವರೆಗೆ ನಡೆದು ಬಂದಿದ್ದಾಳೆ. ಬಸ್ ಸ್ಟ್ಯಾಂಡಿನ ಆ ಗಲಾಟೆಯ ನಡುವೆ ಅವನು ಬಹುಮಾನ ಗೆದ್ದ ಹುಡುಗನ ಹಾಗೆ ಕಾಣುತ್ತಿದ್ದ.

ಹೇಳದೆ ಬಿಟ್ಟರೆ? ಟೈಲರಕ್ಕನಿಗೆ ಆ ಯೋಚನೆ ಬಂದದ್ದು ನಿಜ. "ಬಂತು ಕಣೋ" ಎಂದರೆ ಮುಗಿಯಿತು. ಇಪ್ಪತ್ತೈದು ಸಾವಿರ ಹೋದರೆ ಹೋಯಿತು, ಏನೋ ಒಂದು ನೆಪ ಹೇಳಿ ತಿಂಗಳು ತಿಂಗಳು ಅವನಿಗೆ ವಾಪಸ್ ಕೊಟ್ಟರಾಯಿತು. ಈ ಮುಖ ಹೀಗೇ ಇರುತ್ತದೆ. ಆದರೆ ಆ ಕಳ್ಳ ಮತ್ತೆ ಕೇಳುತ್ತಾನೆ, ಇವನು ಮತ್ತೆ ಕೊಡುತ್ತಾನೆ. ಅಕ್ಕನ ಹೆಸರಿದ್ದರೆ ಬಸ್ಸನ್ನಾದರೂ ಮಾರಿ ಕೊಡುವ ಪೈಕಿ ಇವನು. ಬ್ಯಾಂಕಿಗೆ ಅವನೇ ಹೇಳಬೇಕು, ಅದೂ ಈಗಲೇ.

"ಅದು ನಾನಲ್ಲ ಕಣೋ."

"ಯಾವುದು?"

"ಮೆಸೇಜು. ಬೆಳಿಗ್ಗೆ ಯಾರೋ ನನಗೆ ಮೋಸ ಮಾಡಿ ಫೋನಿನ ಮೆಸೇಜೆಲ್ಲ ಕಿತ್ಕೊಂಡ. ನನ್ನ ಹೆಸರಲ್ಲಿ ಎಲ್ಲರ ಹತ್ರಾನೂ ದುಡ್ಡು ಕೇಳಿದಾನೆ. ನೀನು ಕಳಿಸಿದ್ದು ಅವನಿಗೆ ಹೋಗಿದೆ. ಮೊದಲು ಬ್ಯಾಂಕಿಗೆ ಫೋನ್ ಮಾಡು. ಒಂದೊಂದು ನಿಮಿಷಕ್ಕೂ ಬೆಲೆ ಇದೆಯಂತೆ."

ಅವನ ಮುಖ ಸಣ್ಣಗಾಯಿತು. ಅವಳು ನೋಡುತ್ತ ನಿಲ್ಲಬೇಕಾಯಿತು. ಅವನು ಹಣದ ಮಾತೆತ್ತಲಿಲ್ಲ.

"ಹಾಗಾದ್ರೆ ನೀನು ಕೇಳಿರಲಿಲ್ಲ."

"ಇಲ್ಲ."

"ಅದೇ. ನಾನೂ ಅಂದ್ಕೊಂಡೆ, ಅಕ್ಕ ಕೇಳ್ತಾಳಾ ಅಂತ" ಎಂದು ನಗಲು ನೋಡಿದ. ನಗು ಬರಲಿಲ್ಲ.

ಅವಳು ಅವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿ ಬ್ಯಾಂಕಿಗೆ ಫೋನ್ ಮಾಡಿಸಿದಳು. ಅವರು ಕೇಳಿದ್ದಕ್ಕೆಲ್ಲ ಅವನು ಶಾಲೆಯ ಹುಡುಗನ ಹಾಗೆ ಉತ್ತರ ಕೊಟ್ಟ. ಎರಡನೆಯ ಸಲದ ಹತ್ತನ್ನು ತಡೆದು ಹಿಡಿಯಬಹುದು, ಮೊದಲಿನದರ ಬಗ್ಗೆ ಮಾತು ಕೊಡಲಾರೆವು, ಪೊಲೀಸರಿಗೆ ದೂರು ಕೊಟ್ಟು ಅದರ ನಂಬರು ತಿಳಿಸಿ ಎಂದರು ಅವರು. ಬ್ಯಾಂಕಿನವರು ಕೊಟ್ಟ ನಂಬರನ್ನು ಅವನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡ.

"ಮೆಸೇಜು ಅಳಿಸಬೇಡ, ಅದೇ ಸಾಕ್ಷಿ ಅಂತೆ" ಎಂದಳು ಅಕ್ಕ. "ತೋರಿಸು ನೋಡೋಣ."

"ಏನೂ ಇಲ್ಲ ಅದರಲ್ಲಿ."

"ತೋರಿಸೋ."

ಅವನು ಬೇರೆ ಕಡೆ ನೋಡುತ್ತ ಫೋನ್ ಕೊಟ್ಟ. ಕಳ್ಳನ ಬೇಡಿಕೆಯ ಕೆಳಗೆ ತಮ್ಮ ಬರೆದಿದ್ದ: ಕಳಿಸಿದೀನಿ ಅಕ್ಕ. ವಾಪಸ್ ಕೊಡೋ ಮಾತು ಆಡಬೇಡ. ನೀನು ನನ್ನನ್ನ ಕೇಳಿದೆಯಲ್ಲ, ಅಷ್ಟು ಸಾಕು. ಏಳು ವರ್ಷದಿಂದ ದಿನಾ ನಿನ್ನ ಅಂಗಡಿ ಮುಂದೆ ಬಸ್ಸು ನಿಧಾನ ಮಾಡಿಕೊಂಡು ಹೋಗ್ತೀನಿ. ನೀನು ತಲೆ ಎತ್ತಲ್ಲ.

ಅದರ ಕೆಳಗೆ ಕಳ್ಳ ಬರೆದಿದ್ದ: ಥ್ಯಾಂಕ್ಸ್. ಇನ್ನೂ ಹತ್ತು ಆಗುತ್ತಾ?

ಟೈಲರಕ್ಕನಿಗೆ ಬೆಳಗಿನಿಂದ ಬಂದಿರದ ಸಿಟ್ಟು ಆಗ ಬಂತು. ಹಣ ತಿನ್ನಲಿ, ಹಾಳಾಗಿ ಹೋಗಲಿ. ಇದನ್ನು ಓದಲು ಅವನು ಯಾರು? ಏಳು ವರ್ಷ ಕಾದು ತಮ್ಮ ಬರೆದದ್ದನ್ನು ತನಗಿಂತ ಮೊದಲು ಓದಿ, ಓದಿಯೂ ಇನ್ನೂ ಹತ್ತು ಕೇಳಿದ್ದಾನೆ. ಅಕ್ಷರಗಳು ಕಲಸಿಹೋದವು. ಸೆರಗಿನಿಂದ ಮೊದಲು ಫೋನಿನ ಗಾಜು ಒರೆಸಿದಳು, ಆಮೇಲೆ ಕಣ್ಣು. ಒಳಗೊಂದು ಮಾತು ಇಷ್ಟು ವರ್ಷ ಸರಿಯೆಂದೇ ಕೂತಿತ್ತು. ಯಾರ ಹಂಗೂ ಬೇಡ ಎಂಬ ಆ ಮಾತಿನಿಂದ ಈ ಒಬ್ಬನಿಗೆ ಎಷ್ಟು ನೋವಾಗಿದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲ ಎಂಬುದೂ ಸುಳ್ಳು. ಬಸ್ಸು ನಿಧಾನವಾಗುವುದು ಅವಳಿಗೆ ದಿನಾ ಕೇಳಿಸುತ್ತಿತ್ತು.

"ಸರಿ ಅಕ್ಕ, ನೀನು ಹೊರಡು" ಎಂದ ಅವನು ಎದ್ದು. "ನಾಲ್ಕು ಗಂಟೆಗೆ ನನ್ನ ಇನ್ನೊಂದು ಟ್ರಿಪ್ ಇದೆ. ಸ್ಟೇಷನ್ನಿಗೆ ನಾನು ನಾಳೆ ಹೋಗ್ತೀನಿ. ದುಡ್ಡಿನ ಬಗ್ಗೆ ತಲೆ ಕೆಡಿಸ್ಕೋಬೇಡ."

"ಸರಿ" ಎಂದುಬಿಡುವುದು ಅವಳ ಬಾಯಿಗೆ ಬಂದಿತ್ತು. ಎದ್ದೂ ಆಗಿತ್ತು, ಹೆಗಲಿಗೆ ಬ್ಯಾಗೂ ಏರಿಸಿಯಾಗಿತ್ತು. ಆಸ್ಪತ್ರೆಗೆ ಒಬ್ಬಳೇ ಹೋದವಳು, ಗಂಡನ ಕಾಗದಪತ್ರಗಳಿಗೆ ಹತ್ತು ಆಫೀಸು ಒಬ್ಬಳೇ ಸುತ್ತಿದವಳು, ಪೊಲೀಸ್ ಸ್ಟೇಷನ್ನಿಗೂ ಹೋದಾಳು. ಮೂರು ಹೆಜ್ಜೆ ಹೋದಳು, ನಿಂತಳು, ತಿರುಗಿ ಬಂದಳು. ಅವಳು ಏನೋ ಮರೆತು ಹೋಗಿದ್ದಾಳೆಂದು ಅವನು ಬೆಂಚಿನ ಕೆಳಗೆ ಬಗ್ಗಿ ನೋಡಿದ.

"ನನಗೆ ಒಬ್ಬಳಿಗೇ ಹೋಗೋಕೆ ಭಯ ಆಗ್ತಿದೆ ಕಣೋ" ಎಂದಳು. "ಅಲ್ಲಿ ಎಲ್ಲರ ಮುಂದೆ ಅಂಕಿ ನಾನೇ ಓದಿ ಹೇಳಿದೆ ಅಂತ ಹೇಳಬೇಕು. ನನ್ನ ಕೈಲಿ ಆಗಲ್ಲ. ನೀನು ಜೊತೆಗೆ ಬಾ."

ಅವನು ಬಗ್ಗಿದ್ದವನು ಹಾಗೇ ತಲೆ ಎತ್ತಿದ.

"ಈಗಲಾ?"

"ಈಗ. ನಿನ್ನ ಟ್ರಿಪ್ಪಿಗೆ ತೊಂದರೆ ಆಗುತ್ತೆ, ಗೊತ್ತು. ಆದ್ರೂ ಕೇಳ್ತಿದೀನಿ."

ಅವನು ಬಸ್ಸುಗಳ ಡ್ಯೂಟಿ ಹಂಚುವ ಕಂಟ್ರೋಲರ್ ಕಿಟಕಿಯತ್ತ ಹೊರಟ. ನಡೆಯುತ್ತಿದ್ದವನು ಅರ್ಧ ದಾರಿಯಲ್ಲಿ ಓಡತೊಡಗಿದ. ನಾಲ್ಕು ಗಂಟೆಯ ಟ್ರಿಪ್ಪಿಗೆ ಬೇರೆಯವರನ್ನು ಹಾಕಿ ಎಂದ. ಕಿಟಕಿಯೊಳಗಿನವನು ಕನ್ನಡಕದ ಮೇಲಿಂದ ನೋಡಿ, ಹದಿನೆಂಟು ವರ್ಷದಲ್ಲಿ ಒಂದು ದಿನವೂ ಟ್ರಿಪ್ ಬಿಟ್ಟವನಲ್ಲ, ಏನಪ್ಪಾ ಅಂಥ ಕೆಲಸ ಎಂದು ಕೇಳಿದ.

ತಮ್ಮ ಕೊಟ್ಟ ಉತ್ತರ ಮೂರನೇ ಪ್ಲಾಟ್‌ಫಾರ್ಮಿನವರೆಗೂ ಕೇಳಿಸಿತು.

"ನಮ್ಮಕ್ಕ ಕರೆದಿದಾಳೆ."